ಮಗ್ಗದ ಪಕ್ಕದ ಹಲಗೆ

ಮೂವತ್ತೊಂದು ವರ್ಷ ನಾನು ಇಂಗ್ಲಿಷ್ ಪಾಠ ಮಾಡಿದ್ದೇನೆ. ಅಷ್ಟರಲ್ಲಿ ‘ಟೀಚ್’ ಎಂಬ ಒಂದು ಕ್ರಿಯಾಪದವನ್ನು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೇನೋ ದೇವರಿಗೇ ಗೊತ್ತು. ಟೀಚ್, ಟಾಟ್, ಟಾಟ್ ಎಂದು ನಾನು ಹೇಳುವುದು, ಐವತ್ತು ಮಕ್ಕಳು ಅದನ್ನೇ ಕೂಗುವುದು. ಅರ್ಥ: ಕಲಿಸು, ಹೇಳಿಕೊಡು, ಪಾಠ ಮಾಡು. ಬಳಕೆ: ಕಲಿಸುವವರು ಒಬ್ಬರು ಬೇಕು, ಕಲಿಯುವವರು ಒಬ್ಬರು ಬೇಕು, ಕಲಿಸುವ ವಿದ್ಯೆ ಒಂದು ಬೇಕು. ಈ ಮೂರೂ ಸೇರಿದರೆ ವಾಕ್ಯ ಪೂರ್ತಿಯಾಯಿತು ಎಂದು ನಾನು ಬೆರಳು ಮಡಚಿ ಹೇಳುತ್ತಿದ್ದೆ. ಸಂಜೆ ನಾಲ್ಕೂವರೆಗೆ ಶಾಲೆಯ ಗಂಟೆ ಹೊಡೆದ ಮೇಲೆ ಆ ಮೂರರಲ್ಲಿ ನಾನೊಬ್ಬಳೇ ಉಳಿಯುತ್ತಿದ್ದೆ.

ನಾನು ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು, ಹಾಗಾಗಿ ಉತ್ತರ ಹೇಳುವ ಕೆಲಸವೂ ತಪ್ಪಿತು. ನಿವೃತ್ತಿಗೆ ಮೂರು ವರ್ಷ ಇರುವಾಗ ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ವರ್ಗವಾಯಿತು. ಮೊದಮೊದಲು ಪ್ರತಿ ಶನಿವಾರ ಬಸ್ಸು ಹತ್ತಿ ಊರಿಗೆ ಹೋಗುತ್ತಿದ್ದೆ. ಅಲ್ಲಿ ಶೇಂಗಾ ವ್ಯಾಪಾರದ ಅಣ್ಣ, ಅತ್ತಿಗೆ ಇದ್ದಾರೆ. ಅತ್ತಿಗೆ ಬಹಳ ಒಳ್ಳೆಯವರು, ಜಗಳ ಆಡೋಣವೆಂದರೂ ಒಂದು ಎಳೆ ಸಿಗುವುದಿಲ್ಲ. ನನ್ನ ಕೋಣೆಯಲ್ಲಿ ಶೇಂಗಾ ಚೀಲಗಳನ್ನು ಜೋಡಿಸಿದ್ದರು. ನಾನು ಹೋದಾಗೆಲ್ಲ ಅಣ್ಣ ಆಳುಗಳನ್ನು ಕರೆದು ಮಂಚದ ಮೇಲಿನ ನಾಲ್ಕು ಚೀಲ ಇಳಿಸುತ್ತಿದ್ದ, ಸೋಮವಾರ ಮತ್ತೆ ಏರಿಸುತ್ತಿದ್ದ. ಒಂದು ಶನಿವಾರ ಆ ಆಳುಗಳ ಮುಖ ನೋಡಿದೆ. ಆಮೇಲೆ ತಿಂಗಳಿಗೊಂದು ಸಲ ಹೋಗತೊಡಗಿದೆ.

ಮೊಳಕಾಲ್ಮೂರಿನಲ್ಲಿ ನೇಕಾರರ ಬೀದಿಯೊಂದರಲ್ಲಿ ಮಹಡಿಯ ಮೇಲಿನ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮೆಟ್ಟಿಲು ಕೆಳಗಿನ ಮಗ್ಗದ ಮನೆಯೊಳಗಿಂದಲೇ ಹತ್ತುತ್ತದೆ. ಮನೆಯ ಒಡತಿ ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಮಗಳನ್ನು ಗಡಿಯಾಚೆ ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಬೀದಿಯ ಎಲ್ಲ ಮನೆಗಳಲ್ಲೂ ಬೆಳಗಿನಿಂದ ಟಕ್ ಟಕ್ ಸದ್ದು ಕೇಳಿಸುತ್ತಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ನಮ್ಮ ಮಗ್ಗದ ಮೇಲೆ ಹಳೆಯ ಪಂಚೆ ಹೊದಿಸಿತ್ತು.

ಅವರು ನನ್ನನ್ನು ಮೇಡಂ ಎನ್ನುತ್ತಿದ್ದರು. ನಾನು ಕೆಳಗಿಳಿದರೆ ಸಾಕು, ಮೂಲೆಯ ನೀಲಿ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಮುಂದಿಡುವರು. ‘ಕೂತ್ಕಳ್ರಿ ಮೇಡಂ.’ ಅವರು ಮಾತ್ರ ನೆಲದ ಮೇಲೆ. ಕುರ್ಚಿಯಲ್ಲಿ ಕೂತವಳು ಏನು ಮಾತಾಡಬೇಕು? ಬಿಸಿಲು, ನೀರು ಬಂತಾ, ಬಸ್ಸು ತಡವಾಯಿತಾ. ಐದು ನಿಮಿಷಕ್ಕೆ ಮಾತು ಮುಗಿದು ನಾನು ಮೇಲೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಗೌರವಕ್ಕಿಂತ ಒಂಟಿಯಾದ ಕುರ್ಚಿ ಇನ್ನೊಂದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು, ಶಾಲೆಯಲ್ಲೂ ಅದೇ ಕುರ್ಚಿ ತಾನೆ.

ಆ ಜೂನಿನಲ್ಲಿ ಎಂಟನೇ ತರಗತಿಗೆ ಮತ್ತೆ ‘ಟೀಚ್’ ಬಂತು. ವಾಕ್ಯ ಮಾಡಿಕೊಂಡು ಬನ್ನಿ ಎಂದೆ. ಅಪ್ಪ ಸೈಕಲ್ ಕಲಿಸಿದರು, ಅವ್ವ ಮುದ್ದೆ ತಿರುವುವುದು ಕಲಿಸಿದಳು ಎಂದೆಲ್ಲ ಬರೆದು ತಂದರು. ದೇವಸಮುದ್ರದ ಕಡೆಯ ಕುರಿ ಕಾಯುವ ಮನೆಯ ಹುಡುಗಿಯೊಬ್ಬಳು, ನನಗೆ ಕುರಿ ಕಾಯುವುದನ್ನು ಯಾರೂ ಕಲಿಸಲಿಲ್ಲ ಎಂದು ಬರೆದಿದ್ದಳು. ನಾನು ಕೆಂಪು ಗೆರೆ ಎಳೆದೆ.

‘ಯಾರೂ ಕಲಿಸದೆ ಹೆಂಗ್ ಬರುತ್ತೆ? ಅಪ್ಪನೋ ಅಜ್ಜನೋ ಕಲಿಸಿರ್ತಾರೆ. ಅವ್ರ ಹೆಸ್ರು ಬರಿ’ ಎಂದೆ.

‘ಯಾರೂ ಕಲಿಸಿಲ್ಲ ಮಿಸ್. ಹಿಂದೆ ಹೋಗ್ತಿದ್ದೆ ಅಷ್ಟೆ’ ಎಂದಳು.

‘ಹಿಂದೆ ಹೋದ್ರೆ ಕುರಿ ಆಗ್ತೀಯ, ಕುರುಬಗಿತ್ತಿ ಆಗಲ್ಲ’ ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ನನ್ನ ನಾಲಿಗೆ ಹಾಗೆ. ಮಕ್ಕಳು ಬೆನ್ನ ಹಿಂದೆ ನನಗೆ ಹಸಿಮೆಣಸಿನಕಾಯಿ ಎಂದು ಹೆಸರಿಟ್ಟಿರುವುದು ನನಗೆ ಗೊತ್ತು. ಹುಡುಗಿ ಅಜ್ಜ ಎಂದು ಬರೆದುಕೊಂಡು ಕೂತಳು.

ಶ್ರಾವಣದ ಒಂದು ಸಂಜೆ ಶಾಲೆಯಿಂದ ಬಂದಾಗ ಮಗ್ಗದ ಮೇಲಿನ ಪಂಚೆ ತೆಗೆದಿತ್ತು. ಒಡತಿ ಗಂಡನ ಜಾಗದಲ್ಲಿ, ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಎಲೆಹಸಿರು ಮೈ, ಕುಂಕುಮಗೆಂಪು ಅಂಚು, ಅರ್ಧ ನೇಯ್ದು ನಿಂತ ಸೀರೆ. ಮೈಯ ಹಸಿರು ಲಾಳಿಯನ್ನು ಒಗೆದು, ಎಡ ಅಂಚಿನ ಲಾಳಿಯನ್ನೂ ಒಗೆದು, ಗುಂಡಿಯಿಂದ ಎದ್ದು ಬಂದು, ಬಲಗಡೆ ಹಲಗೆಯ ಮೇಲೆ ಕೂತು ಆ ಕಡೆಯ ಕೆಂಪು ಲಾಳಿಯನ್ನು ಒಗೆದರು. ಮತ್ತೆ ಎದ್ದು ಗುಂಡಿಗೆ ಇಳಿದರು. ಒಂದು ಎಳೆಗೆ ಒಂದು ಸಲ ಹತ್ತಿ ಇಳಿಯುವುದು. ಹತ್ತು ಎಳೆಗೆ ಅವರ ಮಂಡಿ ಸೋತಿತು.

ಈ ಸೀರೆ ಇಬ್ಬರು ನೇಯುವ ಸೀರೆ. ಮೈಯ ನೂಲು ಅಂಚಿನ ನೂಲನ್ನು ಪ್ರತಿ ಎಳೆಯಲ್ಲೂ ಕೊಂಡಿ ಹಾಕಿಕೊಂಡು ಹಿಂದಿರುಗಬೇಕು. ಗುಂಡಿಯಲ್ಲಿ ಕೂತವರಿಗೆ ಬಲ ಅಂಚಿನ ಕೊಂಡಿ ಕೈಗೆ ಎಟುಕುವುದಿಲ್ಲ, ಅದಕ್ಕೇ ಹಲಗೆ. ನಲವತ್ತು ವರ್ಷ ಗಂಡ ಗುಂಡಿಯಲ್ಲಿ, ಇವರು ಹಲಗೆಯ ಮೇಲೆ. ಈಗ ಬೀದಿಯಲ್ಲಿ ಎಲ್ಲರೂ ಒಬ್ಬರೇ ನೇಯುವ ಸೀರೆಗೆ ಹೋಗಿದ್ದರು. ಹಲಗೆಯ ಮೇಲೆ ಕೂರಲು ಯಾರಿಗೂ ಪುರುಸೊತ್ತಿಲ್ಲ. ಮಗ್ಗಕ್ಕೆ ಹಾಸು, ಅಂದರೆ ಉದ್ದ ಎಳೆಗಳ ನೂಲು, ಕೊಟ್ಟಿದ್ದ ವ್ಯಾಪಾರಿ, ಆದಷ್ಟಕ್ಕೆ ಕತ್ತರಿಸಿ ಕೊಟ್ಟುಬಿಡಿ ಎಂದಿದ್ದನಂತೆ.

‘ಅರ್ಧ ಅವ್ರು ನೇಯ್ದದ್ದು ಮೇಡಂ. ಅದಕ್ಕೆ ಕತ್ತರಿ ಹಾಕು ಅಂದ್ರೆ ನಾನ್ ಹೆಂಗ್ ಹಾಕ್ಲಿ?’ ಎಂದರು. ಕಣ್ಣಲ್ಲಿ ನೀರಿರಲಿಲ್ಲ, ಮಂಡಿಯನ್ನು ಉಜ್ಜಿಕೊಳ್ಳುತ್ತಿದ್ದರು.

‘ಗಂಡನ ಜಾಗದಲ್ಲಿ ಕೂತು ನೇಯೋದು ನಿಮಗೆ ಯಾರು ಕಲಿಸಿದ್ರು?’

‘ಯಾರೂ ಕಲಿಸಿಲ್ಲ. ಪಕ್ಕ ಕೂತಿದ್ದೆ.’

‘ಅವ್ರು ಹೇಳಿಕೊಟ್ಟಿರ್ಬೇಕಲ್ಲ?’

‘ಸಾರಿಗೆ ಉಪ್ಪಿಲ್ಲ ಅನ್ನಕ್ಕೂ ಬಾಯಿ ಬಿಡ್ತಿರ್ಲಿಲ್ಲ ಆ ಮನುಷ್ಯ. ಇದನ್ನೇನ್ ಹೇಳಿಕೊಡ್ತಾರೆ?’

ಕುರಿಯ ಹುಡುಗಿಯ ನೆನಪು ಆಗಲೇ ಬರಬೇಕಿತ್ತು, ಬರಲಿಲ್ಲ. ನನ್ನ ಕಣ್ಣೆಲ್ಲ ಆ ಖಾಲಿ ಹಲಗೆಯ ಮೇಲಿತ್ತು. ಒಂದು ಮೊಳ ಅಗಲದ, ಕೂತು ಕೂತು ನಡುವೆ ತಗ್ಗಾದ ಮರದ ತುಂಡು. ಸಂಜೆ ಐದರಿಂದ ದೀಪ ಹಚ್ಚುವವರೆಗೆ ಒಬ್ಬರ ಪಕ್ಕದಲ್ಲಿ ಇರಬಹುದಾದ ಜಾಗ. ನನಗೆ ಅದು ಬೇಕಿತ್ತು, ಸುಳ್ಳು ಹೇಳಿ ಏನಾಗಬೇಕಿದೆ? ಸೀರೆಯ ಮೇಲಿನ ಪ್ರೀತಿಗಿಂತ ಆ ಜಾಗದ ಆಸೆಯೇ ದೊಡ್ಡದಾಗಿತ್ತು.

‘ನನಗೆ ಕಲಿಸಿಕೊಡ್ರಿ, ನಾನು ಕೂರ್ತೀನಿ’ ಎಂದೆ.

ಅವರು ನಕ್ಕರು. ‘ನಿಮಗ್ಯಾಕೆ ಮೇಡಂ? ನಿಮ್ಮ ಕೈಗೆ ಚಾಕ್‌ಪೀಸೇ ಚೆಂದ.’ ನಾನು ಹಟ ಹಿಡಿದೆ. ಮೂರನೆಯ ದಿನ, ಅದೇನು ಅನುಮಾನದಿಂದಲೋ, ಕುರ್ಚಿಯನ್ನು ಮೂಲೆಗೆ ಸರಿಸಿ ಹಲಗೆಯನ್ನು ಸೆರಗಿನಿಂದ ಒರೆಸಿದರು.

ಮಾರನೆಯ ದಿನವೇ ನಾನು ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದೆ. ಹೇಳ್ರಿ, ಬರ್ಕೊಳ್ತೀನಿ ಎಂದೆ. ಅವರು ಬೆಪ್ಪಾಗಿ ನೋಡಿದರು. ಹೇಳುವುದೇನಿದೆ? ಲಾಳಿ ಬಂತು, ಕೊಂಡಿ ಹಾಕು, ಒಗೆ. ನಾನು ಬಿಡಲಿಲ್ಲ. ಮೊದಲು ಯಾವ ಬೆರಳು? ಗುಂಡಿಯೊಳಗಿನ ಕಾಲುಮಣೆ ಒತ್ತಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ತರಬೇತಿಗಳಲ್ಲಿ ಪಾಠಯೋಜನೆ ಬರೆದು ಬರೆದು ಬಂದ ಚಾಳಿ. ಮೂವತ್ತೊಂದು ವರ್ಷ ಹೇಳಿಕೊಟ್ಟವಳಿಗೆ ಹೇಳಿಸಿಕೊಳ್ಳದೆ ಕಲಿಯುವುದು ಹೇಗೆಂದು ತಿಳಿದಿರಲಿಲ್ಲ. ಹದಿನೇಳು ಸೂತ್ರಗಳಾದವು. ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಓದಿ ಓದಿ ಲಾಳಿ ಒಗೆಯುತ್ತಿದ್ದೆ. ಪ್ರತಿ ಎಳೆಗೂ ತಡ. ಮಗ್ಗವೇ ಹಾಳಾಗಿದೆ, ಬೆಳಕು ಸಾಲದು ಎಂದು ಗೊಣಗುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

‘ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು ಎಷ್ಟ್ ದಿನ ಬರ್ತಾವ್ರಿ?’ ಎಂದು ಅವರು ಒಮ್ಮೆ ಮೆಲ್ಲಗೆ ಅಂದರು. ಅದನ್ನೂ ಬರೆದುಕೊಂಡೆ.

ಅವರಿಗೆ ಅವಸರವಾದರೆ ತೆಲುಗು ಬರುತ್ತಿತ್ತು. ‘ಆಗಂಡಿ, ಆಗಂಡಿ’, ನಿಲ್ಲಿ ಎಂದು. ಒಂದು ದಿನ ನನ್ನ ಲಾಳಿ ತಪ್ಪಿ ಎಳೆ ಕಿತ್ತುಹೋಗುವುದರಲ್ಲಿತ್ತು. ಆಗ ‘ಆಗವೇ!’ ಎಂದು ಕೂಗಿದರು. ನಿಲ್ಲೇ ಎಂದಂತೆ. ಕೂಗಿದ್ದೇ ತಡ ನಾಲಿಗೆ ಕಚ್ಚಿಕೊಂಡರು. ನಾನು ಏನೂ ಆಗದವಳಂತೆ ಎಳೆ ಸರಿಮಾಡಿದೆ. ಅವ್ವ ಸತ್ತ ಮೇಲೆ ಯಾರೂ ನನ್ನನ್ನು ಹಾಗೆ ಗದರಿಸಿರಲಿಲ್ಲ. ಆ ದಿನ ಮೇಲೆ ಹೋಗಿ ಅನ್ನ ಬೇಯಿಸುವಾಗ ಸುಮ್ಮಸುಮ್ಮನೆ ನಗು ಬರುತ್ತಿತ್ತು.

ದಸರಾ ರಜೆಯಲ್ಲಿ ಅವರ ನೆಂಟರೊಬ್ಬರು ತೀರಿಕೊಂಡರೆಂದು ಕೊಂಡ್ಲಹಳ್ಳಿಗೆ ಹೋದರು. ಮೂರು ದಿನ. ನಾನು ರಜೆಗೂ ಊರಿಗೆ ಹೋಗಿರಲಿಲ್ಲ. ಮೊದಲನೆಯ ದಿನ ಸಿದ್ದಾಪುರಕ್ಕೆ ಹೋಗಿ ಎರಡು ಸಾವಿರ ವರ್ಷಕ್ಕೂ ಹಳೆಯ ಶಾಸನದ ಬಂಡೆ ನೋಡಿ ಬಂದೆ. ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂದು ಅದರಲ್ಲಿ ಕೊರೆದಿದೆಯಂತೆ. ಬಂಡೆಯ ಮೇಲೆ ಕೊರೆಸಬೇಕಾಯಿತು ಎಂದರೆ ಆ ಕಾಲದಲ್ಲೂ ನಮ್ಮ ಗತಿ ಹೀಗೇ ಇತ್ತೆಂದು ತಿಳಿಯಬೇಕು. ಎರಡನೆಯ ದಿನ ಮನೆಯಲ್ಲಿ ನಾನೊಬ್ಬಳೇ. ಬೀದಿಯ ಮಗ್ಗಗಳ ಸದ್ದು ಕೇಳುತ್ತ ಮಧ್ಯಾಹ್ನದವರೆಗೆ ಕೂತೆ. ಆಮೇಲೆ ಕೆಳಗಿಳಿದು ಗುಂಡಿಯಲ್ಲಿ ಕಾಲಿಟ್ಟೆ.

ಉದ್ದೇಶ ಒಳ್ಳೆಯದೇ. ಅವರು ಬರುವಷ್ಟರಲ್ಲಿ ಒಂದು ಗೇಣು ನೇಯ್ದಿಟ್ಟರೆ ಅವರ ಮಂಡಿಗೆ ಅಷ್ಟು ವಿಶ್ರಾಂತಿ. ಜೊತೆಗೆ, ನಿಜ ಹೇಳುತ್ತೇನೆ, ಮೆಚ್ಚುಗೆಯ ಆಸೆ. ಮಕ್ಕಳು ಹೋಂವರ್ಕ್ ಮುಗಿಸಿ ಮೇಜಿನ ಹತ್ತಿರ ನಿಲ್ಲುತ್ತವಲ್ಲ, ಅಂಥದ್ದು. ನೋಟ್‌ಬುಕ್ ನೋಡಿಕೊಂಡು ಗುಂಡಿಗೆ ಇಳಿದೆ, ಹಲಗೆಗೆ ಹತ್ತಿದೆ, ಇಳಿದೆ, ಹತ್ತಿದೆ. ಎರಡು ದಿನಕ್ಕೆ ಗೇಣುದ್ದ ಆಯಿತು. ಮೇಲಿನಿಂದ ನೋಡಿದರೆ ಹಸಿರು ಹಸಿರೇ, ಕೆಂಪು ಕೆಂಪೇ. ನನಗೆ ನಾನೇ ಗುಡ್ ಎಂದುಕೊಂಡೆ.

ಅವರು ಬಂದು, ಸ್ನಾನ ಮಾಡಿ, ತಲೆ ಒದ್ದೆಯಿರುವಾಗಲೇ ಮಗ್ಗದ ಹತ್ತಿರ ಬಗ್ಗಿದರು. ಬಟ್ಟೆಯ ಅಡಿಯಿಂದ ಕೈ ಹಾಕಿ ಬಲ ಅಂಚಿನ ಗುಂಟ ಬೆರಳು ಓಡಿಸಿದರು. ಹಸಿರಿಗೂ ಕೆಂಪಿಗೂ ನಡುವಿನಿಂದ ಅವರ ತೋರುಬೆರಳು ಸಲೀಸಾಗಿ ಮೇಲೆ ಬಂದಿತು. ಒಂದು ಕೊಂಡಿಯೂ ಕೂಡಿರಲಿಲ್ಲ. ಗೇಣುದ್ದಕ್ಕೂ ಮೈ ಬೇರೆ, ಅಂಚು ಬೇರೆ. ನಾನು ಹಲಗೆಯಿಂದ ಕೊಂಡಿ ಹಾಕುವಾಗ ಅವರು ಗುಂಡಿಯಿಂದ ಮೈಯ ನೂಲನ್ನು ಬಿಗಿಹಿಡಿಯುತ್ತಿದ್ದುದು ನನ್ನ ಸೂತ್ರಗಳಲ್ಲಿರಲಿಲ್ಲ.

ಅವರ ಗಂಡ ನೇಯ್ದ ಸೀರೆ ಅದು. ಕತ್ತರಿ ಹಾಕಲೂ ಮನಸ್ಸು ಬಾರದ ಸೀರೆಗೆ ನಾನು ಸೀಳು ಬಿಟ್ಟಿದ್ದೆ. ಹಲಗೆಯ ಋಣ ಮುಗಿಯಿತು, ನಾಳೆಯಿಂದ ಮತ್ತೆ ಕುರ್ಚಿ ಎಂದುಕೊಂಡೆ. ‘ತಪ್ಪಾಯ್ತು’ ಎಂದೆ. ಆ ಮಾತನ್ನು ಎಷ್ಟು ಮಕ್ಕಳ ಬಾಯಿಂದ ಹೊರಡಿಸಿದ್ದೇನೆ! ನನ್ನ ಬಾಯಿಂದ ಅದು ಅಷ್ಟು ಸಣ್ಣಗೆ ಬರುತ್ತದೆಂದು ಗೊತ್ತಿರಲಿಲ್ಲ.

ಅವರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ‘ಬಿಚ್ಚಾನ ಬಾ’ ಎಂದರು.

ನೇಯ್ದದ್ದನ್ನು ಬಿಚ್ಚುವುದಕ್ಕೂ ಇಬ್ಬರು ಬೇಕು. ಒಬ್ಬರು ಕಾಲುಮಣೆ ಒತ್ತಿ ಎಳೆ ಬಿಡಿಸಬೇಕು, ಇನ್ನೊಬ್ಬರು ನೂಲು ಹರಿಯದಂತೆ ಎಳೆದುಕೊಳ್ಳಬೇಕು. ಬಿಚ್ಚಿದ ನೂಲು ಸುತ್ತಲು ಏನಾದರೂ ಗಟ್ಟಿಯದು ಬೇಕೆಂದು ಅವರು ಅತ್ತಿತ್ತ ನೋಡಿ, ನನ್ನ ತೊಡೆಯ ಮೇಲಿನ ನೋಟ್‌ಬುಕ್ಕನ್ನು ಎತ್ತಿಕೊಂಡರು. ಹದಿನೇಳು ಸೂತ್ರಗಳ ಮೇಲೆ ಹಸಿರು ನೂಲು, ಕೆಂಪು ನೂಲು ಸುತ್ತುತ್ತ ಹೋದೆವು. ಐದು ಸಂಜೆ ಹಿಡಿಯಿತು. ಐದನೆಯ ಸಂಜೆ ಅಂಚು ಬಿಚ್ಚುವಾಗ, ನನ್ನ ಗೇಣು ಮುಗಿದು ನಾವಿಬ್ಬರೂ ಸೇರಿ ನೇಯ್ದ ಭಾಗದ ಕೊನೆಯ ಎಳೆಗೆ ಬಂದೆವು. ಅದು ಬಿಚ್ಚಿಕೊಳ್ಳಲಿಲ್ಲ. ಎಳೆದರೆ ಹಸಿರು ಕೆಂಪನ್ನು ಹಿಡಿದುಕೊಂಡು ನಿಂತಿತು. ಅವರು ಅಲ್ಲಿಗೆ ನನ್ನ ಬೆರಳು ಒಯ್ದು ಒತ್ತಿ ಹಿಡಿದರು. ಕೊಂಡಿ ಹೇಗೆ ಕೂತಿದೆಯೆಂದು ಬೆರಳಿಗೆ ಗೊತ್ತಾಯಿತು. ಹೇಳು ಎಂದರೆ ಈಗಲೂ ಹೇಳಲು ಬರುವುದಿಲ್ಲ.

ಆಮೇಲೆ ನಾನು ಏನೂ ಕೇಳಲಿಲ್ಲ. ಅವರ ಕಾಲು ಕೆಳಗೆ ಒತ್ತುವ ಮೊದಲು ಭುಜ ಒಂದು ಚೂರು ಇಳಿಯುತ್ತದೆ. ಅದು ಇಳಿದಾಗ ನನ್ನ ಕೈ ತಾನೇ ಲಾಳಿಗೆ ಹೋಗತೊಡಗಿತು. ಕಾರ್ತಿಕದ ಹೊತ್ತಿಗೆ ದಿನಕ್ಕೆ ಮೂರು ನಾಲ್ಕು ಬೆರಳು ನೇಯುತ್ತಿದ್ದೆವು. ಮಾತು ಕಡಿಮೆ. ಅವರು ಹೋಗೇ ಬಾರೇ ಎನ್ನುತ್ತಿದ್ದರು, ನಾನು ಅಕ್ಕಾ ಎನ್ನುತ್ತಿದ್ದೆ.

ಒಂದು ದಿನ ತರಗತಿಯಲ್ಲಿ ಕುರಿಯ ಹುಡುಗಿಯ ಪುಸ್ತಕ ಕೇಳಿ ತೆಗೆದುಕೊಂಡೆ. ಜೂನಿನ ಪುಟ ಹುಡುಕಿ, ನನ್ನ ಕೆಂಪು ಗೆರೆಯ ಪಕ್ಕದಲ್ಲಿ ದೊಡ್ಡದಾಗಿ ಸರಿ ಗುರುತು ಹಾಕಿ, ‘ನೀನು ಬರೆದದ್ದೇ ಸರಿ ಇತ್ತು ಕಣಮ್ಮ’ ಎಂದೆ. ‘ಹ್ಞೂಂ ಮಿಸ್’ ಎಂದು ಪುಸ್ತಕ ಮಡಚಿ ಚೀಲಕ್ಕೆ ಹಾಕಿಕೊಂಡಳು. ಯಾವ ವಾಕ್ಯ, ಏನು ಸರಿ ಎಂದು ನೋಡಲೂ ಇಲ್ಲ. ಅವಳಿಗೆ ಅದು ಆಗಲೂ ಗೊತ್ತಿತ್ತು, ನಾನು ಹೇಳಬೇಕಾಗಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸೀರೆ ಮುಗಿಯಿತು. ಮಗ್ಗಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಅಕ್ಕ ತಾನೇ ಕತ್ತರಿಸಿದರು. ಬಾಗಿಲ ಬೆಳಕಿಗೆ ಹಾಸಿ ಅಂಗೈಯಿಂದ ಸವರುತ್ತ ಹೋದರು. ಒಂದು ಕಡೆ ಕೈ ನಿಂತಿತು. ನನಗೆ ಅಲ್ಲಿ ಏನೂ ಕಾಣಲಿಲ್ಲ.

‘ಇಲ್ಲೀಗಂಟ ಅವರದು’ ಎಂದರು. ‘ಇಲ್ಲಿಂದ ನಮ್ಮದು.’

ಅವತ್ತು ನಾನು ಮೇಲೆ ಹೋಗಿ ಅತ್ತೆ. ದುಃಖಕ್ಕೋ ಸುಖಕ್ಕೋ ತಿಳಿಯಲಿಲ್ಲ.

ವ್ಯಾಪಾರಿ ಬಂದು ಸೀರೆ ಒಯ್ದ. ಹೊಸ ಹಾಸು ಕೊಟ್ಟ. ಈಗ ಓಡುವುದು ಇದೇ ಎಂದನಂತೆ: ಒಂದೇ ಬಣ್ಣ, ಒಂದೇ ಲಾಳಿ, ಒಬ್ಬರೇ ಕೂತು ನೇಯುವ ಸೀರೆ. ಅದು ನನಗೆ ಗೊತ್ತಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆಯ ತಯಾರಿ, ಎರಡು ವಾರ ಕತ್ತಲಾದ ಮೇಲೆ ಬರುತ್ತಿದ್ದೆ. ಬರುವ ಹೊತ್ತಿಗೆ ಮಗ್ಗಕ್ಕೆ ಪಂಚೆ ಹೊದಿಸಿರುತ್ತಿತ್ತು. ಬಿಡುವಾದ ಮೊದಲ ದಿನ ಐದು ಗಂಟೆಗೆ ಮುಖ ತೊಳೆದು, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದೆ. ಮಗ್ಗ ಟಕ್ ಟಕ್ ಎಂದು ತನ್ನ ಪಾಡಿಗೆ ನಡೆಯುತ್ತಿತ್ತು. ಹಲಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು.

‘ಬರ್ರಿ ಮೇಡಂ’ ಎಂದರು ಅಕ್ಕ. ಎದ್ದು ನೀಲಿ ಕುರ್ಚಿಯನ್ನು ಸೆರಗಿನಿಂದ ಒರೆಸಿ ಇಟ್ಟರು. ‘ಕೂತ್ಕಳ್ರಿ. ಪಾಪ, ನಿಮಗೂ ಸಾಕಾಗೈತೆ, ಇಷ್ಟ್ ದಿನ ನೆಲದಾಗೆ ಕೂರಿಸಿದೆ.’

ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೆಲಸ ಮುಗಿಯಿತು, ಟೀಚರಮ್ಮನಿಗೆ ಕುರ್ಚಿ ಕೊಡಬೇಕು. ನಾನು ಕೂತೆ. ಬಿಸಿಲು ಜಾಸ್ತಿ ಎಂದೆ. ಹೌದು ಎಂದರು. ನೀರು ಬಂತಾ ಎಂದೆ. ಬೆಳಿಗ್ಗೆ ಬಂತು ಎಂದರು. ಮಾತು ಮುಗಿಯಿತು. ಅವರ ಭುಜ ಇಳಿದಾಗಲೆಲ್ಲ ಮಡಿಲಲ್ಲಿದ್ದ ನನ್ನ ಕೈ ತಾನಾಗಿ ಅಲ್ಲಾಡುತ್ತಿತ್ತು, ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ದೀಪ ಹಾಕಲಿಲ್ಲ, ಅನ್ನ ಮಾಡಲಿಲ್ಲ. ಐವತ್ತೇಳನೆಯ ವಯಸ್ಸಿನಲ್ಲಿ ಒಂದು ವಿದ್ಯೆ ಕಲಿತೆ, ಅದಕ್ಕೂ ಇನ್ನೊಬ್ಬರು ಬೇಕು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾರನೆಯ ದಿನವೂ ಐದಕ್ಕೆ ಇಳಿದೆ. ಅಕ್ಕ ಗುಂಡಿಯಿಂದ ಏಳುವ ಮೊದಲೇ ನಾನು ಗೋಡೆಯ ಹತ್ತಿರ ಹೋಗಿ ಹಲಗೆಯನ್ನು ಎತ್ತಿದೆ. ಹಳೆಯ ಜಾಗದಲ್ಲಿಟ್ಟು ಕೂತುಬಿಟ್ಟೆ.

ಅವರು ಲಾಳಿ ನಿಲ್ಲಿಸಿ ನೋಡಿದರು. ‘ಇದಕ್ಕೆ ಆಕಡೆ ಲಾಳಿ ಇಲ್ಲ. ನಿಮಗೆ ಕೆಲ್ಸ ಇಲ್ಲ ಇಲ್ಲಿ.’

‘ಗೊತ್ತು’ ಎಂದೆ. ‘ಪಕ್ಕ ಕೂತಿರ್ತೀನಿ.’

ಬೀದಿಯ ಮಗ್ಗಗಳು ನಡೆಯುತ್ತಿದ್ದವು. ಅಕ್ಕ ತಲೆ ಬಗ್ಗಿಸಿ, ಎಳೆಯ ಮೇಲಿನ ದೂಳನ್ನು ಊದಿ, ‘ಬೆಳಕಿಗೆ ಅಡ್ಡ ಕೂತೀಯ ನೋಡು, ಈಕಡೆ ಸರಿ’ ಎಂದರು. ನಾನು ಸರಿದು ಕೂತೆ.